ಪ್ಯಾಕೆಟ್ ಮೇಲಿನ 55 ದಿನ, ಕೊಡಗಿನ ಮಳೆ

ಪ್ರಶ್ನೆ: ನಮ್ಮ ಮನೆ ಮಡಿಕೇರಿಗೆ ಹತ್ತಿರ, ಕಾಫಿ ತೋಟದ ನಡುವೆ ಇದೆ. ಕಳೆದ ವರ್ಷ ಅಮೆರಿಕದಿಂದ ಬಂದ ನೆಂಟರು ‘ಅರ್ಲಿ ಗರ್ಲ್’ ಅನ್ನೋ ಟೊಮೆಟೊ ಬೀಜ ಕೊಟ್ಟರು. ದಪ್ಪ ಹಣ್ಣು, 55 ದಿನಕ್ಕೆ ಕೊಯ್ಲು ಅಂತ ಪ್ಯಾಕೆಟ್ ಮೇಲಿತ್ತು. ಅದರಲ್ಲಿ ಹೇಳಿದ ಹಾಗೆಯೇ ಮಾರ್ಚ್ ಕೊನೆಗೆ ಮನೆಯೊಳಗೆ ಬಿತ್ತಿ, ಮೇ ಮಧ್ಯದಲ್ಲಿ ಹೊರಗೆ ನೆಟ್ಟೆ. 55 ದಿನ ಕಳೆದರೂ ಒಂದು ಹೂವೂ ಇಲ್ಲ. ನಾಲ್ಕು ಗಿಡ ಹಸಿರಾಗಿದ್ದ ಹಾಗೆಯೇ ಬಾಡಿ ಸತ್ತವು. ಉಳಿದವು ಜೂನ್ ಮಳೆಗೆ ಎಲೆ ಕಪ್ಪಾಗಿ ಹೋದವು. ಬೀಜವೇ ಸರಿ ಇರಲಿಲ್ವಾ? ದಪ್ಪ ಹಣ್ಣಿನ, ಬೇಗ ಬರುವ ಟೊಮೆಟೊ ನಮ್ಮಲ್ಲಿ ಆಗುವುದೇ ಇಲ್ವಾ? ಸ್ವಲ್ಪ ಬೀಜ ಇನ್ನೂ ಉಳಿದಿದೆ.

ಉತ್ತರ: ಬೀಜವನ್ನು ಬೈಯಬೇಡಿ. ಅರ್ಲಿ ಗರ್ಲ್ 1970ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಹೈಬ್ರಿಡ್. ಅಲ್ಲಿನ ಹಿತ್ತಲುಗಳಲ್ಲಿ ಇವತ್ತಿಗೂ ಬೆಳೆಯುತ್ತಾರೆ. ನಿಮಗೆ ಮೋಸ ಮಾಡಿದ್ದು ಆ ಪ್ಯಾಕೆಟ್‌ನ ಹಿಂಬದಿಯ ಕ್ಯಾಲೆಂಡರ್. ಮಾರ್ಚ್‌ನಲ್ಲಿ ಒಳಗೆ ಬಿತ್ತಿ, ಮೇನಲ್ಲಿ ಹೊರಗೆ ನೆಡಿ ಅನ್ನೋದು ಹಿಮ ಬೀಳುವ ಊರಿನ ಲೆಕ್ಕ. ಅಲ್ಲಿ ಮೇ ಹೊತ್ತಿಗೆ ಹಿಮದ ಕಾಟ ಮುಗಿದು, ಮುಂದೆ ಮೂರು ನಾಲ್ಕು ತಿಂಗಳು ಒಳ್ಳೆಯ ಬಿಸಿಲು ಸಿಗುತ್ತದೆ. ನಮ್ಮಲ್ಲಿ ಮೇ ಮಧ್ಯದಲ್ಲಿ ನೆಟ್ಟ ಗಿಡ ಬೇರು ಬಿಡುವ ಹೊತ್ತಿಗೆ ಮುಂಗಾರು ಬಾಗಿಲಲ್ಲಿ ನಿಂತಿರುತ್ತದೆ. ಆಮೇಲೆ ಸೆಪ್ಟೆಂಬರ್ ತನಕ ಎಲೆ ಒಣಗುವ ಮಾತೇ ಇಲ್ಲ.

55 ದಿನದ ವಿಷಯ ಇನ್ನೊಂದು. ಬೀಜದ ಪ್ಯಾಕೆಟ್ ಮೇಲೆ ಬರೆಯುವ ದಿನಗಳನ್ನು ಸಸಿ ನೆಟ್ಟ ದಿನದಿಂದ ಮೊದಲ ಹಣ್ಣಿನ ತನಕ ಎಣಿಸಬೇಕು. ಬಿತ್ತಿದ ದಿನದಿಂದ ಅಲ್ಲ. ಸಸಿ ಬೆಳೆಸುವುದಕ್ಕೇ ನಮ್ಮ ಚಳಿಯಲ್ಲಿ 30ರಿಂದ 35 ದಿನ ಬೇಕು. ಅದರ ಮೇಲೆ, ಹೂ ಅರಳಿ ಹಣ್ಣು ಕೆಂಪಾಗಲು ಬೆಚ್ಚಗಿನ ಜಾಗದಲ್ಲಿ 40–50 ದಿನ ಸಾಕಾದರೆ, ಮಡಿಕೇರಿಯಂಥ ತಂಪಿನಲ್ಲಿ ಇನ್ನೂ ಹತ್ತು ದಿನ ಜಾಸ್ತಿ ಹಿಡಿಯುತ್ತದೆ. ಹೂ ಬರುವುದೂ ಹಾಗೆಯೇ ತಡ. ಹಾಗಾಗಿ ಪ್ಯಾಕೆಟ್‌ನ 55 ಅನ್ನೋದನ್ನು ನಿಮ್ಮ ಮನೆಗೆ 75ರಿಂದ 80 ಅಂತ ಓದಿಕೊಳ್ಳಿ. ಬಿತ್ತಿದ ದಿನದಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ನಾಲ್ಕು ತಿಂಗಳು.

ಇನ್ನು ‘ದಪ್ಪ’ ಮತ್ತು ‘ಬೇಗ’. ಇವೆರಡೂ ಒಂದೇ ಮನೆಯಲ್ಲಿರುವ ಓರಗಿತ್ತಿಯರ ಹಾಗೆ. ಒಬ್ಬಳಿಗೆ ಕೊಟ್ಟರೆ ಇನ್ನೊಬ್ಬಳಿಗೆ ಕಡಿಮೆಯಾಗುತ್ತದೆ. ಬೇಗ ಬರುವ ತಳಿ ಆರೇಳು ಎಲೆ ಬಿಟ್ಟ ಕೂಡಲೇ ಮೊದಲ ಹೂಗೊಂಚಲು ಹಾಕುತ್ತದೆ. ತಡವಾಗಿ ಬರುವ ದಪ್ಪ ಹಣ್ಣಿನ ತಳಿ ಒಂಬತ್ತು, ಹತ್ತು, ಕೆಲವೊಮ್ಮೆ ಹನ್ನೆರಡು ಎಲೆ ಬಿಟ್ಟು ಮೈ ತುಂಬಿಕೊಂಡು ಆಮೇಲೆ ಹೂವಿಗೆ ಬರುತ್ತದೆ. ದಪ್ಪ ಹಣ್ಣನ್ನು ಸಾಕಲು ಅಷ್ಟು ಎಲೆ ಬೇಕೇ ಬೇಕು. ಕಾಡು ಟೊಮೆಟೊ ಹಣ್ಣಿನೊಳಗೆ ಬೀಜದ ಕೋಣೆ ಎರಡೇ. ಅಂಗೈ ಅಗಲದ ‘ಬೀಫ್‌ಸ್ಟೇಕ್’ ಜಾತಿಯ ಹಣ್ಣನ್ನು ಅಡ್ಡ ಕೊಯ್ದು ನೋಡಿದರೆ ಎಂಟಕ್ಕೂ ಜಾಸ್ತಿ ಕೋಣೆ ಕಾಣುತ್ತವೆ. ಇದಕ್ಕೆ ನೆಟ್ಟ ಮೇಲೆ 80–90 ದಿನ ಅಂತ ಅವರ ದೇಶದ ಪ್ಯಾಕೆಟ್ಟೇ ಹೇಳುತ್ತದೆ. ನಮ್ಮಲ್ಲಿ ಎಷ್ಟಾಗಬಹುದು ಅಂತ ನೀವೇ ಊಹಿಸಿ. ಅರ್ಲಿ ಗರ್ಲ್ ಹಣ್ಣು 110ರಿಂದ 170 ಗ್ರಾಂ ತೂಗುತ್ತದೆ. ಬೇಗ ಬರುವ ಗುಂಪಿನಲ್ಲಿ ಇದೇ ‘ದಪ್ಪ’. ಅರ್ಧ ಕಿಲೋ ಹಣ್ಣಿನ ಫೋಟೊ ನೋಡಿ ಆಸೆಪಡುವವರಿಗೆ ನಾನು ಬೇಡ ಅಂತಲೇ ಹೇಳುವುದು. ಕೊಡಗಿನ ಹಿತ್ತಲಿಗೆ 100–150 ಗ್ರಾಂ ಸರಿಯಾದ ಅಳತೆ.

ಹಾಗಾದರೆ ಹಿಮವೇ ಇಲ್ಲದ ಊರಿಗೆ ಬೇಗ ಬರುವ ತಳಿ ಯಾಕೆ? ಮಳೆಗಾಗಿ. ಅವರು ಎರಡು ಚಳಿಗಾಲದ ನಡುವೆ ಬೆಳೆ ಮುಗಿಸುತ್ತಾರೆ, ನಾವು ಎರಡು ಮಳೆಗಾಲದ ನಡುವೆ ಮುಗಿಸಬೇಕು. ಆದ್ದರಿಂದ ಲೆಕ್ಕವನ್ನು ಜೂನ್ 1ರಿಂದ ಹಿಂದಕ್ಕೆ ಹಾಕಿ. ಮೇ ಕೊನೆಗೆ ಗಿಡ ಕಿತ್ತು ಹಾಕುವ ಸ್ಥಿತಿಯಲ್ಲಿರಬೇಕು. ಏಪ್ರಿಲ್, ಮೇ ಕೊಯ್ಲಿಗೆ. ಮಾರ್ಚ್ ಕೊನೆಗೆ ಮೊದಲ ಹಣ್ಣು. ಅಂದರೆ ಜನವರಿ ಮೊದಲ ವಾರಕ್ಕೆ ನಾಟಿ. ಬಿತ್ತನೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ, ಅಂದರೆ ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್ ಶುರು. ಕದಿರು ಮನೆಗೆ ತಂದ ವಾರ ಟೊಮೆಟೊ ಬಿತ್ತುವುದು ಅಂತ ನೆನಪಿಟ್ಟುಕೊಳ್ಳಿ, ಸುಲಭ. ಈ ಲೆಕ್ಕ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ಜಾಸ್ತಿ ಮಳೆ ಊರಿಗೆ. ಕುಶಾಲನಗರ, ಶನಿವಾರಸಂತೆ ಕಡೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಲ್ಲಿಯವರು ಕೈಲ್‌ಪೊಳ್ದ್ ಹಬ್ಬ ಆದ ಕೂಡಲೇ ಸೆಪ್ಟೆಂಬರ್ ಮೊದಲ ವಾರದಲ್ಲಿ ಸೂರಿನಡಿ ಬಿತ್ತಿ, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೆ ನೆಟ್ಟು, ಹೊಸ ವರ್ಷಕ್ಕೆ ಹಣ್ಣು ತಿನ್ನಬಹುದು. ನೀವು ಹಾಗೆ ಮಾಡಿದರೆ ಅಕ್ಟೋಬರ್-ನವೆಂಬರಿನ ಹಿಂಗಾರು ಮತ್ತು ಬೆಳಗಿನ ಮಂಜು ಎರಡೂ ಸೇರಿ ಎಲೆ ಕಪ್ಪಾಗಿಸುವ ಅಂಗಮಾರಿ ರೋಗ ತಂದುಬಿಡುತ್ತವೆ. ಹೂವಿನ ಸಮಯಕ್ಕೆ ಡಿಸೆಂಬರ್ ಚಳಿಯೂ ಸೇರುತ್ತದೆ. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೆ ಟೊಮೆಟೊ ಹೂ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ರಾತ್ರಿ 15–20 ಡಿಗ್ರಿ ಇದ್ದರೆ ಅದಕ್ಕೆ ಹಿತ.

ಹಸಿರಾಗಿಯೇ ಬಾಡಿದ ಆ ನಾಲ್ಕು ಗಿಡಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹತ್ತಿದ್ದು ಅದರದ್ದೇ. ಎಲೆ ಹಳದಿಯಾಗದೆ, ಚುಕ್ಕೆಯೂ ಇಲ್ಲದೆ, ಎರಡು ಮೂರು ದಿನದಲ್ಲಿ ಗಿಡ ಜೋತುಬಿದ್ದರೆ ಅದು ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಇನ್ನೊಮ್ಮೆ ಹಾಗಾದರೆ ಕಾಂಡವನ್ನು ಬುಡದ ಹತ್ತಿರ ಕೊಯ್ದು, ಆ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಅಲುಗಾಡಿಸದೆ ತೂಗುಬಿಡಿ. ಕೆಲವು ನಿಮಿಷದಲ್ಲಿ ಕೊಯ್ದ ಬಾಯಿಂದ ಹಾಲಿನಂಥ ಎಳೆ ಇಳಿದರೆ ಅನುಮಾನವೇ ಬೇಡ.

ಆ ಜಾಗದಲ್ಲಿ ಹಿಂದೆ ಶುಂಠಿ ಹಾಕಿದ್ರಾ? ಕೇಳುವುದಕ್ಕೆ ಕಾರಣ ಇದೆ. ಶುಂಠಿಗೆ ಹಸಿರು ಕೊಳೆ ತರುವುದೂ ಇದೇ ಬ್ಯಾಕ್ಟೀರಿಯಾದ ಬಳಗ. ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ನಾನೇ ಒಮ್ಮೆ ಶುಂಠಿ ಕಿತ್ತ ಪಾತಿ ಒಳ್ಳೆ ಸಡಿಲವಾಗಿದೆ, ಗೊಬ್ಬರವೂ ಇದೆ ಅಂತ ಆಸೆಪಟ್ಟು ಟೊಮೆಟೊ ನೆಟ್ಟೆ. ಒಂದು ಸಾಲಿನಲ್ಲಿ ಉಳಿದದ್ದು ಮೂರು ಗಿಡ. ಔಷಧಿ ಹುಯ್ದು ಇದನ್ನು ಗೆಲ್ಲಲು ಆಗುವುದಿಲ್ಲ. ಶುಂಠಿ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಬೆಳೆದ ಜಾಗ ಬಿಟ್ಟುಬಿಡಿ. ಆ ಕಡೆಯಿಂದ ಹರಿದು ಬರುವ ನೀರೂ ಬೇಡ. ಬೇರೆ ಜಾಗವೇ ಇಲ್ಲ ಅಂದರೆ 20 ಲೀಟರ್ ಹಿಡಿಯುವ ಗ್ರೋ ಬ್ಯಾಗಿನಲ್ಲಿ ಹೊಸ ಮಣ್ಣು ತುಂಬಿ, ಇಟ್ಟಿಗೆ ಮೇಲೆ ಇಟ್ಟು ಬೆಳೆಸಿ. ಕಸಿ ಮಾಡಲು ಕೈ ಪಳಗಿದವರು ಬದನೆ ಬೇರಿನ ಮೇಲೆ ಟೊಮೆಟೊ ಕಸಿ ಕಟ್ಟುತ್ತಾರೆ. ಸೊರಗು ತಡೆಯುವ ಬದನೆ ತಳಿಯೇ ಬೇಕು. ಆ ಬೇರು ಒದ್ದೆ ಮಣ್ಣನ್ನೂ ಚೆನ್ನಾಗಿ ತಾಳುತ್ತದೆ. ಹಾಗೆ ಕಟ್ಟಿದ ಸಸಿಯನ್ನು ಕಸಿ ಗಂಟು ಮಣ್ಣಿಗೆ ಮುಟ್ಟದಂತೆ ನೆಡಬೇಕು.

ಇಲ್ಲಿಗೆ ತಳಿಯ ಮಾತು ಬಂತು. ಅರ್ಲಿ ಗರ್ಲ್‌ಗೆ ಸೊರಗು ರೋಗ ತಡೆಯುವ ಶಕ್ತಿ ಇಲ್ಲ, ಅಂಗಮಾರಿ ತಡೆಯುವುದೂ ಇಲ್ಲ. ಅದು ಹುಟ್ಟಿದ್ದು ಬೇರೆ ಶತ್ರುಗಳ ನಡುವೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳು ನಮ್ಮ ರೋಗಗಳನ್ನು ನೋಡಿಯೇ ಬೆಳೆದವು. ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಹೈಬ್ರಿಡ್‌ಗಳು ಎಲೆ ಮುದುಡು, ಸೊರಗು, ಬೇಗ ಬರುವ ಅಂಗಮಾರಿ ಮೂರನ್ನೂ ತಡೆಯುತ್ತವೆ. ಹಣ್ಣು 90–110 ಗ್ರಾಂ. ಅರ್ಕಾ ಅಭೇದ್ ಈ ಮೂರರ ಜೊತೆಗೆ ಮಂಜಿನಲ್ಲಿ ಬರುವ ತಡ ಅಂಗಮಾರಿಯನ್ನೂ ತಡೆಯುತ್ತದೆ. ಮಡಿಕೇರಿಗೆ ನಾನು ಮೊದಲು ಹೇಳುವುದು ಇದನ್ನೇ. ಬೀಜ ಇಟ್ಟುಕೊಂಡು ಮುಂದಿನ ವರ್ಷವೂ ಬಿತ್ತಬೇಕು ಅನ್ನುವವರಿಗೆ ಅರ್ಕಾ ಆಲೋಕ್ ಇದೆ. ಸೊರಗು ತಡೆಯುತ್ತದೆ, ಹಣ್ಣು 120 ಗ್ರಾಂ ತನಕ ಬರುತ್ತದೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಇದೇ ಸಂಸ್ಥೆಯ ಕೈಕೆಳಗೆ ಇರುವುದು, ಬೀಜದ ಬಗ್ಗೆ ಅಲ್ಲಿ ವಿಚಾರಿಸಿ. ಅರ್ಲಿ ಗರ್ಲ್ ಹಣ್ಣಿನಿಂದ ಬೀಜ ತೆಗೆದರೆ ಮಾತ್ರ ಮುಂದಿನ ಗಿಡ ತಾಯಿಯ ಹಾಗೆ ಬರುವುದಿಲ್ಲ. ಹೈಬ್ರಿಡ್ ಅಲ್ವಾ. ಅಂದ ಹಾಗೆ, ಸೂಟ್‌ಕೇಸಿನಲ್ಲಿ ಹೊರದೇಶದ ಬೀಜ ತರುವುದಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಅನುಮತಿ ಮತ್ತು ರೋಗವಿಲ್ಲ ಅನ್ನೋ ಪ್ರಮಾಣಪತ್ರ ಬೇಕು. ಮುಂದಿನ ಸಲ ನೆಂಟರಿಗೆ ಚಾಕಲೇಟ್ ತರಲು ಹೇಳಿ.

ಬೇಗ ಹಣ್ಣು ಬರುವುದು ಅರ್ಧ ಬೀಜದ ಗುಣವಾದರೆ ಇನ್ನರ್ಧ ಸಸಿ ಬೆಳೆಸುವ ಕೈಯದ್ದು. ಟೊಮೆಟೊ ಬೀಜ 25 ಡಿಗ್ರಿಯಲ್ಲಿ ಆರೇಳು ದಿನಕ್ಕೆ ಮೊಳೆಯುತ್ತದೆ. 15 ಡಿಗ್ರಿಯಲ್ಲಿ ಎರಡು ವಾರ ಕಾಯಿಸುತ್ತದೆ. ಹಾಗಾಗಿ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯನ್ನು ಅಡುಗೆಮನೆಯ ಒಲೆ ಪಕ್ಕದ ಕಟ್ಟೆ ಮೇಲಿಡಿ. ಹಂಡೆ ಒಲೆಯ ತೀರಾ ಹತ್ತಿರ ಬೇಡ, ಬೆಂದು ಹೋಗುತ್ತದೆ. ಮೊಳಕೆ ತಲೆ ಎತ್ತಿದ ದಿನವೇ ಹೊರಗೆ ತನ್ನಿ. ಇಲ್ಲೇ ಜಾಸ್ತಿ ಜನ ತಪ್ಪುವುದು. ಕಿಟಕಿ ಪಕ್ಕ ಬೆಚ್ಚಗೆ ಬೆಳೆದ ಸಸಿ ಉದ್ದ, ಬಿಳಿಚಿ, ಕೋಲು ಕೋಲಾಗುತ್ತದೆ. ಬೆಚ್ಚಗೆ ಇದ್ದಷ್ಟೂ ಅದು ಜಾಸ್ತಿ ಎಲೆ ಬಿಟ್ಟು ಹೂವನ್ನು ಮುಂದಕ್ಕೆ ಹಾಕುತ್ತದೆ. ಬೀಜದೆಲೆ ಬಿಚ್ಚಿದ ಮೇಲಿನ ಎರಡು ಮೂರು ವಾರ ಒಳ್ಳೆಯ ಬೆಳಕು ಮತ್ತು ತಂಪು ರಾತ್ರಿ ಸಿಕ್ಕರೆ ಮೊದಲ ಗೊಂಚಲು ಕೆಳಗೆಯೇ ಬರುತ್ತದೆ, ಅದರಲ್ಲಿ ಹೂವೂ ಜಾಸ್ತಿ. ತಂಪು ದೇಶದ ತೋಟಗಾರರು ಇದಕ್ಕಾಗಿಯೇ ಗಾಜಿನ ಮನೆಯನ್ನು ಬೇಕೆಂದು ತಣ್ಣಗಿಡುತ್ತಿದ್ದರು. ನಮಗೆ ಡಿಸೆಂಬರ್ ರಾತ್ರಿ ಪುಕ್ಕಟೆ ಸಿಗುತ್ತದೆ.

ಇದಕ್ಕೊಂದು ತೊಡಕೂ ಇದೆ. ಮೊಗ್ಗು ಮೂಡುವಾಗ ಚಳಿ ಮಿತಿಮೀರಿದರೆ ದಪ್ಪ ಹಣ್ಣಿನ ತಳಿಗಳಲ್ಲಿ ಮೊದಲ ಹೂ ಎರಡು ಮೂರು ಹೂ ಅಂಟಿಕೊಂಡ ಹಾಗೆ ಅಗಲವಾಗಿ ಅರಳುತ್ತದೆ. ಅದರ ಹಣ್ಣು ಸುಕ್ಕು ಸುಕ್ಕಾಗಿ, ತುದಿಯಲ್ಲಿ ಗಾಯದ ಗೆರೆ ಎಳೆದುಕೊಂಡು ಬರುತ್ತದೆ. ಅಂಥ ಹೂವನ್ನು ಕಂಡ ಕೂಡಲೇ ಚಿವುಟಿ. ಹಿಂದೆಯೇ ಬರುವವು ಸರಿಯಾಗಿರುತ್ತವೆ.

ಮಣ್ಣಿನ ವಿಷಯದಲ್ಲಿ ಕಾಫಿ ಬೆಳೆಯುವವರಿಗೆ ನಾನು ಹೊಸದಾಗಿ ಹೇಳಬೇಕಾದ್ದು ಕಡಿಮೆ. ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ನಮ್ಮ ಮಣ್ಣು ಹುಳಿ. ತೋಟಕ್ಕೆ ಸುಣ್ಣ ಹಾಕುತ್ತೀರಿ, ಹಿತ್ತಲಿನ ಪಾತಿಯನ್ನು ಮರೆಯುತ್ತೀರಿ, ಅಷ್ಟೇ. ನಾಟಿಗೆ ಮೂರು ವಾರ ಮೊದಲು ಚದರ ಮೀಟರಿಗೆ 200–300 ಗ್ರಾಂ ಕೃಷಿ ಸುಣ್ಣ ಬೆರೆಸಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಲೆಕ್ಕವನ್ನೇ ಹಿಡಿಯಿರಿ. ಒಂದು ಅಡಿ ಎತ್ತರದ ಏರುಪಾತಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಪಲ್ಪರ್‌ನಿಂದ ಬಂದ ಹಸಿ ಕಾಫಿ ಸಿಪ್ಪೆಯನ್ನು ಮಾತ್ರ ತಂದು ಸುರಿಯಬೇಡಿ, ಅದು ಪೂರ್ತಿ ಕಳಿತು ಕಪ್ಪಾದ ಮೇಲೆ ಒಳ್ಳೆ ಗೊಬ್ಬರ. ಯೂರಿಯಾ ಬೇಡ. ಗಿಡ ಕೊಬ್ಬಿ ಎಲೆ ಬಿಡುತ್ತದೆ, ಹೂ ತಡವಾಗುತ್ತದೆ. ಕಾಯಿ ಕಟ್ಟಿದ ಮೇಲೆ ಹದಿನೈದು ದಿನಕ್ಕೊಮ್ಮೆ ಬುಡದಿಂದ ದೂರಕ್ಕೆ ಒಂದು ಹಿಡಿ ಒಲೆಬೂದಿ ಸಾಕು.

ನಾಟಿ ಮಾಡುವಾಗ ಸಸಿಯ ಕೆಳಗಿನ ಎಲೆ ತೆಗೆದು, ಕಾಂಡದ ಅರ್ಧ ಭಾಗ ಮಣ್ಣೊಳಗೆ ಹೋಗುವ ಹಾಗೆ ಆಳಕ್ಕೆ ನೆಡಿ. ಹೂತ ಕಾಂಡದ ಉದ್ದಕ್ಕೂ ಬೇರು ಬರುತ್ತದೆ.

ಬಿಸಿಲು ಕಾಫಿ ತೋಟದ ಮನೆಗಳ ದೊಡ್ಡ ಸಮಸ್ಯೆ. ಟೊಮೆಟೊಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸಿಲ್ವರ್ ಓಕಿನ ನೆರಳಿನಲ್ಲಿ ಕಾಫಿ ಸುಖವಾಗಿರಬಹುದು, ಟೊಮೆಟೊ ಇರುವುದಿಲ್ಲ. ತೋಟದ ನೆರಳು ಸವರಲು ಮರಗಸಿ ಮಾಡಿಸುವಾಗ ಹಿತ್ತಲಿನ ಪೂರ್ವ ಮತ್ತು ದಕ್ಷಿಣದ ಕೊಂಬೆಗಳನ್ನೂ ಕಡಿಸಿಬಿಡಿ. ಕಡಿದ ಕೋಲುಗಳೇ ಗಿಡಕ್ಕೆ ಊರುಗೋಲಾಗುತ್ತವೆ. ಮೇಲಕ್ಕೆ ಬಿದಿರಿನ ಚೌಕಟ್ಟು ಕಟ್ಟಿ ಪಾರದರ್ಶಕ ಯುವಿ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅರ್ಧ ರೋಗ ಹತ್ತಿರ ಸುಳಿಯುವುದಿಲ್ಲ. ಅಂಗಮಾರಿಗೆ ಎಲೆಯ ಮೇಲೆ ಗಂಟೆಗಟ್ಟಲೆ ನೀರು ನಿಲ್ಲಬೇಕು. ಮಂಜಿನ ಹನಿಯೂ ಅದಕ್ಕೆ ನೀರೇ. ನಾಲ್ಕೂ ಬದಿ ತೆರೆದಿರಲಿ, ಗಾಳಿ ಆಡಲಿ. ಸುತ್ತ ಮುಚ್ಚಿದರೆ ಒಳಗೇ ಬೆವರಿ ಇನ್ನೂ ಕೆಡುತ್ತದೆ.

ಸೂರು ಇಲ್ಲದವರಿಗೆ ಬೋರ್ಡೋ ಇದೆ. ನಿಮ್ಮ ಮನೆಯಲ್ಲಿ ಕಾಳುಮೆಣಸಿಗೆ ಹೊಡೆಯುವ ಅದೇ ದ್ರಾವಣ. 5 ಲೀಟರ್ ನೀರಲ್ಲಿ 100 ಗ್ರಾಂ ಮೈಲುತುತ್ತ, ಇನ್ನೊಂದು 5 ಲೀಟರಿನಲ್ಲಿ 100 ಗ್ರಾಂ ಸುಣ್ಣ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತಾ ಕಲಕಿ. ಕಬ್ಬಿಣದ ಚಾಕು ಅದ್ದಿ ನೋಡಿ. ಅದರ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಎಳೆ ಸಸಿಗೆ ಎರಡನ್ನೂ ಅರ್ಧಕ್ಕೆ ಇಳಿಸಿ. ಅವತ್ತೇ ಮಾಡಿ ಅವತ್ತೇ ಹೊಡೆಯಬೇಕು. ರೋಗ ಬರುವುದಕ್ಕೆ ಮೊದಲು ಹೊಡೆದರೆ ಕೆಲಸ ಮಾಡುತ್ತದೆ. ಎಲೆ ಕಪ್ಪಾದ ಮೇಲೆ ಹೊಡೆಯುವುದು ಸುಮ್ನೆ ಕೈ ನೀಲಿ ಮಾಡಿಕೊಂಡಂತೆ. ಹೊಡೆದ ಹಣ್ಣನ್ನು ಚೆನ್ನಾಗಿ ತೊಳೆದು ತಿನ್ನಿ.

ಈಗ ಹಣ್ಣು ದಪ್ಪ ಮಾಡುವ ಕೆಲಸ. ಅರ್ಲಿ ಗರ್ಲ್ ಬೆಳೆಯುತ್ತಲೇ ಹೋಗುವ ಬಳ್ಳಿಯಂಥ ಗಿಡ. ಒಂದೇ ಕಾಂಡ ಬಿಟ್ಟು, ಎಲೆಯ ಕಂಕುಳಲ್ಲಿ ಬರುವ ಚಿಗುರನ್ನೆಲ್ಲ ಬೆರಳುದ್ದ ಆಗುವ ಮೊದಲೇ ಚಿವುಟಿ. ಬಿಸಿಲು ಏರಿ ಎಲೆ ಒಣಗಿದ ಮೇಲೆ ಚಿವುಟಿದರೆ ಗಾಯ ಬೇಗ ಮಾಯುತ್ತದೆ. ನಾಲ್ಕನೇ ಗೊಂಚಲು ಬಂದ ಮೇಲೆ ಎರಡು ಎಲೆ ಬಿಟ್ಟು ತುದಿ ಮುರಿಯಿರಿ. ಅದಕ್ಕಿಂತ ಮೇಲಿನದು ಮಳೆಗೆ ಮೊದಲು ಹಣ್ಣಾಗುವುದಿಲ್ಲ, ಸುಮ್ನೆ ಕೆಳಗಿನವರ ಊಟ ಕಸಿಯುತ್ತದೆ. ಒಂದು ಗೊಂಚಲಿಗೆ ಮೂರೋ ನಾಲ್ಕೋ ಕಾಯಿ ಸಾಕು. ಉಳಿದವನ್ನು ಗೋಲಿ ಗಾತ್ರ ಇರುವಾಗಲೇ ತೆಗೆಯಿರಿ. ಹೂ ಅರಳಿದ ಮೊದಲ ಹತ್ತು ಹದಿನಾಲ್ಕು ದಿನದಲ್ಲಿ ಕಾಯಿಯೊಳಗಿನ ಕೋಶಗಳ ಸಂಖ್ಯೆ ಗೊತ್ತಾಗಿಬಿಡುತ್ತದೆ, ಆಮೇಲೆ ಅವು ಉಬ್ಬುತ್ತವೆ ಅಷ್ಟೇ. ತಡ ಮಾಡಿ ತೆಗೆದರೆ ಲಾಭ ಕಡಿಮೆ. ನನಗೆ ಗೊತ್ತು, ಕಾಯಿ ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಅರ್ಕಾ ಆಲೋಕ್‌ನಂಥ ಗಿಡ್ಡ ತಳಿಗೆ ಈ ಸವರುವಿಕೆ ಬೇಡ. ಮೊದಲ ಗೊಂಚಲಿನ ಕೆಳಗಿನ ಚಿಗುರು ತೆಗೆದರೆ ಆಯಿತು.

ಕೊಡಗು ಜೇನಿನ ನಾಡು, ಆದರೆ ತುಡುವೆ ಜೇನು ಟೊಮೆಟೊಗೆ ಕೆಲಸಕ್ಕೆ ಬರುವುದಿಲ್ಲ. ಇದರ ಪರಾಗ ಕೊಳವೆಯಂಥ ಕೇಸರಗಳೊಳಗೆ ಅಡಗಿರುತ್ತದೆ. ಹೂವನ್ನು ಹಿಡಿದು ಝೇಂಕರಿಸಿ ನಡುಗಿಸಿದರೆ ಮಾತ್ರ ಉದುರುತ್ತದೆ. ದೊಡ್ಡ ಕಪ್ಪು ಮರದುಂಬಿ, ನೀಲಿ ಪಟ್ಟೆಯ ಜೇನು ಆ ಕೆಲಸ ಮಾಡುತ್ತವೆ. ಮಂಜಿನ ದಿನ ಅವೂ ಬರುವುದಿಲ್ಲ, ಪರಾಗವೂ ಮುದ್ದೆಯಾಗಿರುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಗೊಂಚಲಿನ ಹಿಂದೆ ಬೆರಳಿನಿಂದ ಎರಡು ಸಲ ತಟ್ಟಿ. ಕಾಫಿ ಕುಡಿಯುತ್ತಾ ಮಾಡುವ ಕೆಲಸ.

ಮಾರ್ಚ್ ಹೊತ್ತಿಗೆ ಕಾಯಿ ತುಂಬಿ ನಿಂತಿರುತ್ತದೆ. ಆಗಲೇ ಹೂಮಳೆ, ಕಾಫಿ ಹೂ ಅರಳಿಸುವ ಮಳೆ. ಕಾಫಿಗೆ ಹೂಮಳೆ ಬಂತು ಅಂತ ಮನೆಯವರೆಲ್ಲ ನಗುತ್ತಿರುವಾಗ ಹಿತ್ತಲಿನಲ್ಲಿ ಟೊಮೆಟೊ ಸೀಳಿಕೊಂಡಿರುತ್ತದೆ. ಒಣಗಿದ್ದ ಬೇರಿಗೆ ಒಮ್ಮೆಲೇ ನೀರು ಸಿಕ್ಕಿ ಹಣ್ಣು ಉಬ್ಬುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ. ಹಣ್ಣು ದಪ್ಪ ಇದ್ದಷ್ಟೂ ಸೀಳು ಜಾಸ್ತಿ. ಬಲಿತ ಕಾಯಿಯ ತುದಿ ಕಪ್ಪಾಗಿ ಚರ್ಮದ ಹಾಗೆ ಒಣಗುವುದೂ ನೀರು ಏರುಪೇರಾದಾಗಲೇ. ಅದು ರೋಗ ಅಲ್ಲ. ಕಾಯಿಯ ತುದಿಗೆ ಸುಣ್ಣದ ಅಂಶ ತಲುಪದೆ ಹಾಗಾಗುತ್ತದೆ. ಎರಡಕ್ಕೂ ಮದ್ದು ಒಂದೇ: ಜನವರಿಯಿಂದಲೇ ಬುಡಕ್ಕೆ ಒಣ ತರಗೆಲೆ ದಪ್ಪವಾಗಿ ಹಾಸಿ, ಎರಡು ದಿನಕ್ಕೊಮ್ಮೆ ಬುಡಕ್ಕೆ ಮಾತ್ರ ನೀರು ಕೊಡಿ. ಒಂದು ವಾರ ಮರೆತು ಆಮೇಲೆ ಎರಡು ಕೊಡ ಹುಯ್ಯಬೇಡಿ. ಮೊಟ್ಟೆ ಸಿಪ್ಪೆ ಹಾಕಿದರೆ ಸರಿಹೋಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಅದು ಕರಗುವ ಹೊತ್ತಿಗೆ ನಿಮ್ಮ ಬೆಳೆ ಮುಗಿದಿರುತ್ತದೆ.

ಹುಳುವಿಗೆ ಒಂದೇ ಮಾತು. ಪಾತಿಯ ಅಂಚಿಗೆ ಚೆಂಡು ಹೂ ನೆಡಿ, ಟೊಮೆಟೊಗಿಂತ ಇಪ್ಪತ್ತು ದಿನ ಮೊದಲೇ ಬಿತ್ತಿದ್ದು. ಕಾಯಿಕೊರಕದ ಚಿಟ್ಟೆ ಅದರ ಮೇಲೆ ಮೊಟ್ಟೆ ಇಡಲು ಇಷ್ಟಪಡುತ್ತದೆ.

ಮಂಗಗಳಿಗೆ ನನ್ನ ಹತ್ತಿರ ಮದ್ದಿಲ್ಲ. ಆದರೆ ಹಣ್ಣು ಗಿಡದಲ್ಲೇ ಪೂರ್ತಿ ಕೆಂಪಾಗಲಿ ಅಂತ ಕಾಯುವ ಅಗತ್ಯವೂ ಇಲ್ಲ. ತುದಿಯಲ್ಲಿ ತಿಳಿ ಗುಲಾಬಿ ಬಣ್ಣ ಕಂಡ ದಿನವೇ ಕೊಯ್ದು ಒಳಗಿಡಿ. ಆ ಹೊತ್ತಿಗೆ ಹಣ್ಣು ಗಿಡದಿಂದ ಪಡೆಯಬೇಕಾದ್ದನ್ನೆಲ್ಲ ಹೆಚ್ಚುಕಮ್ಮಿ ಪಡೆದಿರುತ್ತದೆ. ರುಚಿ ಕಡಿಮೆಯಾಗುವುದಿಲ್ಲ, ಮಳೆಗೆ ಸೀಳುವುದೂ ಇಲ್ಲ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಹುಳಿಗೆ ಕಾಚಂಪುಳಿ ಇರುವ ಮನೆಯಲ್ಲಿ ಟೊಮೆಟೊ ಸಾರಿಗಿಂತ ಹೋಳು ಮಾಡಿ ಉಪ್ಪು-ಕಾಳುಮೆಣಸು ಉದುರಿಸಿ ತಿನ್ನಲು ಚೆನ್ನ. ಈ ದಪ್ಪ ತಳಿಗಳು ಅದಕ್ಕೇ ಲಾಯಕ್ಕು.

ಉಳಿದ ಬೀಜವನ್ನು ಎಸೆಯಬೇಡಿ. ಒಣಗಿದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಟೊಮೆಟೊ ಬೀಜ ನಾಲ್ಕು ವರ್ಷವಾದರೂ ಮೊಳೆಯುತ್ತದೆ. ಈ ಪುತ್ತರಿಗೆ ಅದರಲ್ಲಿ ಆರು ಬೀಜ, ಪಕ್ಕದಲ್ಲೇ ಅರ್ಕಾ ಅಭೇದ್ ಆರು ಬೀಜ ಹಾಕಿ. ಅರ್ಲಿ ಗರ್ಲ್ ಮಾತ್ರ ಹೊಸ ಮಣ್ಣಿನ ಗ್ರೋ ಬ್ಯಾಗಿನಲ್ಲಿರಲಿ, ಸೂರಿನ ಕೆಳಗೆ. ಮೇ ಕೊನೆಯಲ್ಲಿ ಮೋಡ ಕಪ್ಪಾದಾಗ ಗಿಡದಲ್ಲಿ ಇನ್ನೂ ಕಾಯಿ ಇದ್ದರೆ ಎಲ್ಲ ಕಿತ್ತುಕೊಳ್ಳಿ. ಬಲಿತು ಬಿಳಿಚಿದವನ್ನು ಕಾಗದದಲ್ಲಿ ಸುತ್ತಿ ಒಂದು ಬಾಳೆಹಣ್ಣಿನ ಜೊತೆ ಪೆಟ್ಟಿಗೆಯಲ್ಲಿಡಿ, ಹತ್ತು ಹದಿನೈದು ದಿನದಲ್ಲಿ ಕೆಂಪಾಗುತ್ತವೆ. ಎಳೆಯವು ಚಟ್ನಿಗೆ.